ಕಿಟಕಿಯ ಪಕ್ಕ ಮದ್ದಳೆ

ಕರ್ಕಿ
೨೯ ಮೇ ೨೦೨೩

ವೆಂಕಟ್ರಮಣ ಅವರಿಗೆ,

ಕ್ಷೇಮ ವಿಚಾರಿಸಲು ಬರೆದ ಪತ್ರ ಇದಲ್ಲ. ವಾರದಿಂದ ಫೋನ್ ಮಾಡುತ್ತಿದ್ದೇನೆ, ನೀವು ಎತ್ತುತ್ತಿಲ್ಲ. ಇಷ್ಟು ವರ್ಷ ನಮ್ಮಿಬ್ಬರ ಮಾತು ದಾಟಿಸುತ್ತಿದ್ದ ಚೆಂಡೆಯ ಶ್ರೀಧರ ಈಗ ಕೈಚೆಲ್ಲಿದ್ದಾನೆ. "ನಿಮ್ಮಿಬ್ರ ನಡುವೆ ಓಡಾಡಿ ನಂಗೆ ಸಾಕಾತು. ನಾನು ಮೇಳಕ್ಕೆ ಬಂದದ್ದು ಚೆಂಡೆ ಬಾರ್ಸೂಕೆ, ಅಂಚೆ ಹಂಚೂಕಲ್ಲ" ಎಂದ. ಹಾಗಾಗಿ ನಿಜವಾದ ಅಂಚೆಯನ್ನೇ ಹಿಡಿಯಬೇಕಾಯಿತು.

ವಿಷಯ ವಿಮಾನದ್ದು. ಅಕ್ಟೋಬರಿನಲ್ಲಿ ಮೆಲ್ಬರ್ನಿನ ಕನ್ನಡ ಸಂಘದವರು ನಮ್ಮ ಯಕ್ಷಗಾನ ಮೇಳದಿಂದ ಮೂರು ಆಟ ಆಡಿಸುವುದು ನಿಮಗೆ ತಿಳಿದಿದೆ. ವೇಷದವರೂ ಶ್ರೀಧರನೂ ಸಂಘದವರೇ ಗೊತ್ತುಮಾಡಿದ ವಿಮಾನದಲ್ಲಿ ಬೆಂಗಳೂರಿನಿಂದ ಮೊದಲೇ ಹೊರಡುತ್ತಾರೆ. ನಮ್ಮಿಬ್ಬರಿಗೆ ವಯಸ್ಸಾಯಿತೆಂದು ಸಂಘದ ಕಾರ್ಯದರ್ಶಿ ವಿನುತಾ ಒಂದು ಸವಲತ್ತು ಕೊಟ್ಟಿದ್ದಾರೆ. ನಮಗೆ ಸುರಕ್ಷಿತ, ಹಿತ ಎನಿಸುವ ವಿಮಾನ ಕಂಪನಿಯನ್ನು ನಾವೇ ಆರಿಸಿ ತಿಳಿಸಬೇಕು. ಆದರೆ ಇಬ್ಬರೂ ಒಂದೇ ವಿಮಾನದಲ್ಲಿ, ಒಂದೇ ಸಾಲಿನಲ್ಲಿ ಕೂತು ಬರಬೇಕು. "ಇಬ್ರಿಗೂ ಮೊದಲ್ನೇ ಸಲ, ಒಬ್ರಿಗೊಬ್ರು ಜೊತೆ ಆತದೆ" ಎಂದರು. ಆಕೆ ಕುಮಟೆ ಬಿಟ್ಟು ಬಹಳ ಕಾಲವಾಯಿತು. ನಮ್ಮ ವಿಷಯ ಆಕೆಗೆ ಗೊತ್ತಿಲ್ಲ, ನಾನು ಹೇಳಲೂ ಇಲ್ಲ.

ನಾನು ಬೆಂಗಳೂರು, ಸಿಂಗಾಪುರ, ಮೆಲ್ಬರ್ನ್ ದಾರಿಯನ್ನು ಆರಿಸಿದ್ದೇನೆ. ಕಂಪನಿಗೆ ಒಳ್ಳೆಯ ಹೆಸರಿದೆ. ಸೀಟಿನ ಮುಂದೆ ಕಾಲು ಚಾಚಲು ಜಾಗವಿದೆ, ಕೇಳಿದಾಗ ಬಿಸಿನೀರು ಕೊಡುತ್ತಾರೆ. ನಡುವೆ ಸಿಂಗಾಪುರದಲ್ಲಿ ಇಳಿದು ಓಡಾಡಬಹುದು, ನನ್ನ ಮೊಣಕಾಲಿಗೆ ಅದು ಅಗತ್ಯ. ಎಲ್ಲ ವಿಚಾರಿಸಿಯೇ ತೀರ್ಮಾನಿಸಿದ್ದೇನೆ. ನಿಮ್ಮ ಒಪ್ಪಿಗೆಯೂ ಬೇಕೆಂದು ಆಕೆ ಹೇಳಿದ್ದರಿಂದ ಕೇಳುತ್ತಿದ್ದೇನೆ.

ಮಹಾಗಣಪತಿ, ಭಾಗವತ


ಮಾವಳ್ಳಿ
೯ ಜೂನ್ ೨೦೨೩

ಭಾಗವತರಿಗೆ,

ಫೋನ್ ಎತ್ತದಿರುವುದು ನನ್ನ ಇಷ್ಟ. "ಭಾಗವತ್ರ ಫೋನು ಆವಾಗಿಂದ ಹೊಡ್ಕಂತದೆ, ಎತ್ತೂದಿಲ್ವ?" ಎಂದು ನನ್ನ ಹೆಂಡತಿ ನೀಲಾ ಕೇಳಿದಳು. "ಹೊಡ್ಕಳ್ಲಿ, ತಾಳ ತಪ್ಪದೆ ಹೊಡ್ಕಂಡ್ರೆ ಸಾಕು" ಎಂದೆ.

ನಿಮ್ಮ ಸಿಂಗಾಪುರ ನನಗೆ ಬೇಡ. ದಿಲ್ಲಿಯಿಂದ ಮೆಲ್ಬರ್ನಿಗೆ ನೇರ ವಿಮಾನವಿದೆ. ಒಮ್ಮೆ ಹತ್ತಿದರೆ ಮೆಲ್ಬರ್ನಿನಲ್ಲೇ ಇಳಿಯುವುದು. ನನಗೆ ಅದೇ ಆಗಬೇಕು. ದಿಲ್ಲಿಗೆ ನಾನು ಮಡಗಾಂವಿನಿಂದ ರೈಲಿನಲ್ಲಿ ಹೋಗಿಕೊಳ್ಳುತ್ತೇನೆ, ನೀವು ಹೇಗೆ ಬೇಕಾದರೂ ಬನ್ನಿ. ರಾತ್ರಿಯಿಡೀ ರಂಗದ ಮೇಲೆ ಕಾಲು ಮಡಚಿ ಕೂರುವ ಭಾಗವತರಿಗೆ ಮೆತ್ತನೆಯ ಸೀಟಿನಲ್ಲಿ ಒಂದು ಹಗಲು ಕೂರುವುದು ಕಷ್ಟವೆಂದರೆ ಜನ ನಗುತ್ತಾರೆ.

ಎರಡನೆಯದು. ನನ್ನ ಮದ್ದಳೆ ವಿಮಾನದ ಹೊಟ್ಟೆಯೊಳಗೆ, ಊರವರ ಚಪ್ಪಲಿ ತುಂಬಿದ ಪೆಟ್ಟಿಗೆಗಳ ಕೆಳಗೆ ಹೋಗುವುದಿಲ್ಲ. ಅಲ್ಲಿಯ ಥಂಡಿಗೆ ಅದರ ಚರ್ಮಕ್ಕೆ ಮೆತ್ತಿದ ಕರಿ ಒಡೆಯುತ್ತದೆ. ಅಪ್ಪ ನುಡಿಸಿದ ಮದ್ದಳೆ ಅದು. ಅದಕ್ಕೆ ಸೀಟು ಬೇಕು. ನಮ್ಮಿಬ್ಬರ ನಡುವೆ ಅದು ಕೂರಲಿ. ನಿಮಗೂ ನೆಮ್ಮದಿ, ನನಗೂ.

ಹೊನ್ನಾವರದ ಆಟದಲ್ಲಿ ಹಾಡುತ್ತಿದ್ದ ಪದವನ್ನು ಅರ್ಧಕ್ಕೆ ನಿಲ್ಲಿಸಿ, ಮೈಕಿನಲ್ಲಿ, "ಮದ್ದಳೆಯವ್ರಿಗೆ ನಿದ್ದೆ ಬಂತು ಕಾಣ್ತದೆ, ಯಾರಾದ್ರೂ ಮನೆಗೆ ಮುಟ್ಸಿ" ಎಂದವರು ನೀವು. ಎದುರಿನ ಸಾಲಿನಲ್ಲಿ ನನ್ನ ಮಗಳ ಮಾವ ಕೂತಿದ್ದರು. ಸಭೆಯ ಜೊತೆ ಅವರೂ ನಕ್ಕರು. ಅಂಥವರ ಮಗ್ಗುಲಲ್ಲಿ ಅಷ್ಟು ಹೊತ್ತು ಕೂರಲು ನನಗೂ ಆಸೆಯಿಲ್ಲ.

ಇನ್ನೊಂದು. ಈಗೀಗ ನೀವು ತಾಳವನ್ನು ಮುಖದೆತ್ತರಕ್ಕೆ ಎತ್ತಿ ಬಾರಿಸುತ್ತೀರಿ. ಮೊದಲು ಮಡಿಲಲ್ಲೇ ಇರುತ್ತಿತ್ತು. ಪದ ಕೇಳಿದರೆ ಸಾಲದು, ಜನ ನಿಮ್ಮನ್ನು ನೋಡಲೂ ಬೇಕು ಎಂದಾಗಿದೆಯೇನೋ. ಮೆಲ್ಬರ್ನಿನಲ್ಲಿ ಫೋಟೋ ಚೆನ್ನಾಗಿ ಬರುತ್ತದೆ.

ವೆಂಕಟ್ರಮಣ


ಕರ್ಕಿ
೧೯ ಜೂನ್ ೨೦೨೩

ವೆಂಕಟ್ರಮಣ ಅವರಿಗೆ,

ಫೋಟೋದ ಮಾತಿಗೆ ಉತ್ತರ ಕೊಡುವುದಿಲ್ಲ.

ನಿಮ್ಮ ಮದ್ದಳೆಯ ಸೀಟಿಗೆ ಸಂಘ ಒಪ್ಪಿದೆ. ಅದಕ್ಕಾಗಿ ಮಳೆಯಲ್ಲಿ ನೆನೆಯುತ್ತ ಭಟ್ಕಳಕ್ಕೆ ಹೋಗಿಬಂದವನು ನಾನು. ಅಲ್ಲಿ ಟಿಕೆಟ್ ಮಾಡಿಸುವ ಮೋಹನನ ಅಂಗಡಿಯಲ್ಲಿ ದುಬೈಗೆ, ಮಸ್ಕತ್ತಿಗೆ ಹೋಗುವವರ ಹಿಂದೆ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಮೂರು ಸೀಟು ಬೇಕು, ಒಂದು ಮದ್ದಳೆಗೆ ಎಂದೆ.

"ಮದ್ದಳೆಗೆ? ವಯಸ್ಸೆಷ್ಟು ಭಾಗವತ್ರೆ?"

"ನನಗಿಂತ ಹಿರಿದು."

"ಹಂಗಾದ್ರೆ ಊಟ ಎಂತ ಬರ್ಕಳ್ಲಿ? ಸಸ್ಯಾಹಾರವೋ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಿಮ್ಮ ಮದ್ದಳೆಯ ದೆಸೆಯಿಂದ ನಾನು ನಗೆಗೀಡಾದೆ. ಹೊನ್ನಾವರದ ಲೆಕ್ಕ ಅಲ್ಲಿಗೆ ತೀರಿತೆಂದು ನೀವು ಬೇಕಾದರೆ ತಿಳಿದುಕೊಳ್ಳಬಹುದು.

ಆದರೆ ಮದ್ದಳೆಯನ್ನು ನಮ್ಮ ನಡುವೆ ಇಡಲು ಬರುವುದಿಲ್ಲ. ಸೀಟಿನ ಮೇಲೆ ಇಡುವ ಸಾಮಾನು ಕಿಟಕಿಯ ಪಕ್ಕವೇ ಇರಬೇಕಂತೆ. "ನಡುವೆ ಇಟ್ರೆ ಒಳಗಿದ್ದವ ಹೊರಗೆ ಬರೂದು ಹೆಂಗೆ? ನೀವಿಬ್ರೂ ಒತ್ತಿಗೆ ಕೂರೂದೇ ಸೈ" ಎಂದ ಮೋಹನ. ಯಾವ ಕಂಪನಿ ಹೆಚ್ಚು ಸುರಕ್ಷಿತ ಎಂದೂ ಕೇಳಿದೆ. "ಎಲ್ಲಾ ಸುರಕ್ಷಿತವೇ ಭಾಗವತ್ರೆ, ಒಳಗೆ ಕೂತವ್ರು ಜಗಳ ಮಾಡ್ದಿದ್ರೆ" ಎಂದ. ನಮ್ಮ ವಿಷಯ ಭಟ್ಕಳದವರೆಗೂ ಹೋಗಿದೆ ಎಂದಾಯಿತು.

ದಿಲ್ಲಿಯ ದಾರಿಗೆ ನಾನು ಒಪ್ಪಿಲ್ಲ. ಎರಡು ರಾತ್ರಿ ರೈಲಿನಲ್ಲಿ ಕೂರಲು ಸಿದ್ಧರಿರುವ ಮನುಷ್ಯನಿಗೆ ಸಿಂಗಾಪುರದಲ್ಲಿ ಒಮ್ಮೆ ಇಳಿದು ಹತ್ತುವುದು ಯಾಕೆ ಬೇಡ? ಹಠವಲ್ಲದೆ ಬೇರೆ ಕಾರಣ ಇದ್ದರೆ ಬರೆಯಿರಿ.

ಮಹಾಗಣಪತಿ


ಮಾವಳ್ಳಿ
೨೭ ಜೂನ್ ೨೦೨೩

ಭಾಗವತರಿಗೆ,

ಹಠವೇ ಎಂದು ಇಟ್ಟುಕೊಳ್ಳಿ.

ಹೊನ್ನಾವರದ ಲೆಕ್ಕ ತೀರಿದೆಯೋ ಇಲ್ಲವೋ ಎಂದು ಹೇಳಬೇಕಾದವನು ನಾನು. ಅದು ತೀರಿಲ್ಲ.

ಒತ್ತಿಗೆ ಕೂರಲೇಬೇಕಾದರೆ ಬಲಸಾಲಿನಲ್ಲಿ ಹಾಕಿಸಿ. ರಂಗದಲ್ಲಿ ನಾನು ಕೂರುವುದು ನಿಮ್ಮ ಬಲಕ್ಕೆ, ಅಂದರೆ ನೀವು ಇರುವುದು ನನ್ನ ಎಡಕ್ಕೆ. ವಿಮಾನದಲ್ಲೂ ಹಾಗೆಯೇ ಇರಬೇಕು. ಬಲಸಾಲಿನಲ್ಲಾದರೆ ಕಿಟಕಿಗೆ ಮದ್ದಳೆ, ಅದರ ಪಕ್ಕ ನಾನು, ನನ್ನ ಎಡಕ್ಕೆ ನೀವು. ನಿಮಗೆ ಓಡಾಡುವ ದಾರಿಯ ಅಂಚಿನ ಸೀಟೇ ಸಿಗುವುದರಿಂದ ಮೊಣಕಾಲಿನ ತಕರಾರೂ ಇರುವುದಿಲ್ಲ. ಎಡಸಾಲಿನಲ್ಲಿ ಹಾಕಿಸಿದರೆ ಎಲ್ಲ ತಿರುವುಮುರುವು ಆಗುತ್ತದೆ. ಅದಕ್ಕೆ ನಾನು ಒಪ್ಪುವುದಿಲ್ಲ.

ದಿಲ್ಲಿಯಿಂದ ನೇರ ವಿಮಾನ, ಬಲಸಾಲು. ಎರಡರಲ್ಲಿ ಒಂದು ತಪ್ಪಿದರೂ ಟಿಕೆಟಿನಲ್ಲಿ ನನ್ನ ಹೆಸರು ಬರೆಸಬೇಡಿ.

ವೆಂಕಟ್ರಮಣ


ಕರ್ಕಿ
೫ ಜುಲೈ ೨೦೨೩

ವೆಂಕಟ್ರಮಣ ಅವರಿಗೆ,

ವಿಮಾನದವರು ನಮಗಾಗಿ ರಂಗ ಕಟ್ಟಿಲ್ಲ. ಅಲ್ಲಿ ಯಾರು ಯಾರ ಎಡಕ್ಕೆ ಕೂತರೂ ಪದ ಕೆಡುವುದಿಲ್ಲ.

ಒಂದನ್ನು ಮಾತ್ರ ನೇರವಾಗಿ ಕೇಳುತ್ತೇನೆ. ಎರಡು ಸಲ ಇಳಿದರೆ ನಿಮಗೆ ಎಂತ ಆಗುತ್ತದೆ?

ಮಹಾಗಣಪತಿ


ಮಾವಳ್ಳಿ
೨೪ ಜುಲೈ ೨೦೨೩

ಭಾಗವತರಿಗೆ,

ನಾನು ಬರುವುದಿಲ್ಲ. ವಿನುತಾ ಅವರಿಗೆ ನೀವೇ ತಿಳಿಸಿ. ಮದ್ದಳೆಗೆ ಕುಮಟೆಯ ಆ ಹೊಸ ಹುಡುಗನನ್ನು ಕರೆದುಕೊಂಡು ಹೋಗಿ. ಅವನ ಮದ್ದಳೆಗೆ ಸೀಟು ಬೇಕಾಗುವುದಿಲ್ಲ, ಸಿಂಗಾಪುರದ ಮೇಲೆ ಹೋಗುವುದಕ್ಕೂ ಅವನ ತಕರಾರು ಇರುವುದಿಲ್ಲ. ನಿಮ್ಮ ಮೊಣಕಾಲು, ಬಿಸಿನೀರು ಎಲ್ಲ ನೀವು ಬಯಸಿದಂತೆಯೇ ನಡೆಯುತ್ತದೆ.

ಕಾರಣ ಬರೆಯುವ ಅಗತ್ಯ ಕಾಣುವುದಿಲ್ಲ.

ವೆಂಕಟ್ರಮಣ


ಕರ್ಕಿ
೨೯ ಜುಲೈ ೨೦೨೩

ವೆಂಕಟ್ರಮಣ ಅವರಿಗೆ,

ಕಾರಣ ನಾನೇ ಬರೆಯುತ್ತೇನೆ. ನಿಮ್ಮ ಎಡಗಿವಿ ಕೇಳುವುದಿಲ್ಲ.

ಇದು ನನಗೆ ಇಂದು ನಿನ್ನೆ ತಿಳಿದದ್ದಲ್ಲ. ಕುಮಟೆಯ ಆಟದಲ್ಲಿ ಕರೆಂಟು ಹೋದದ್ದು ನಿಮಗೂ ನೆನಪಿರಬೇಕು. ರಂಗ ಪೂರ್ತಿ ಕತ್ತಲಾಯಿತು, ಮೈಕು ನಿಂತಿತು. ನಾನು ಪದ ನಿಲ್ಲಿಸಲಿಲ್ಲ. ಶ್ರೀಧರ ಚೆಂಡೆ ನಿಲ್ಲಿಸಲಿಲ್ಲ. ವೇಷದವನು ಆ ಕತ್ತಲಲ್ಲೇ ಕುಣಿಯುತ್ತಿದ್ದ, ಗೆಜ್ಜೆ ಕೇಳುತ್ತಿತ್ತು. ನಿಮ್ಮ ಮದ್ದಳೆ ಮಾತ್ರ ನಿಂತಿತು. ನಿಮ್ಮಿಂದ ಕೈಯಳತೆಯಲ್ಲಿ ಕೂತು ನಾನು ಗಂಟಲೆತ್ತಿ ಹಾಡುತ್ತಿದ್ದೆ. ಜನರೇಟರ್ ಶುರುವಾಗಿ ದೀಪ ಹತ್ತಿದಾಗ ನೀವು ಮೊದಲು ನೋಡಿದ್ದು ನನ್ನ ಕೈಯನ್ನು. ಮರುಕ್ಷಣವೇ ತಾಳಕ್ಕೆ ಸರಿಯಾಗಿ ಹಿಡಿದಿರಿ. ನೋಡುತ್ತಿದ್ದವರು ಕತ್ತಲಿಗೆ ನಿಲ್ಲಿಸಿದರು ಎಂದುಕೊಂಡರು. ನೀವು ಕತ್ತಲಿಗೆ ನಿಲ್ಲಿಸುವವರಲ್ಲವೆಂದು ನನಗೆ ಗೊತ್ತು.

ತಾಳ ಮಡಿಲಿನಿಂದ ಮುಖದೆತ್ತರಕ್ಕೆ ಬಂದದ್ದು ಅದಾದ ಮೇಲೆ. ಯಾರು ನೋಡಲಿ ಎಂದು ಎತ್ತಿದ್ದೇನೆಂಬುದು ಈಗ ನಿಮಗೆ ತಿಳಿಯಿತು. ಇದನ್ನು ಉಪಕಾರವೆಂದು ಎಣಿಸಬೇಡಿ. ನನ್ನ ಪದ ಕೆಡಬಾರದು, ಅಷ್ಟೇ.

ಶ್ರೀಧರನಿಗೆ ಹೇಳಿಲ್ಲ. ಮೇಳದ ಯಜಮಾನರಿಗೂ ಹೇಳಿಲ್ಲ. ಹೇಳಿದ್ದರೆ ನೀವು ಈ ತಿರುಗಾಟದಲ್ಲಿ ಇರುತ್ತಿರಲಿಲ್ಲ.

ವಿಮಾನ ಇಳಿಯುವಾಗ ಕಿವಿ ಕಟ್ಟುತ್ತದೆ ಎಂದು ಮೋಹನ ಹೇಳಿದ. ನಿಮಗಿರುವುದು ಉಳಿದ ಕಿವಿಯ ಹೆದರಿಕೆ ಎಂದು ನನ್ನ ಊಹೆ. ಹೌದಾದರೆ ಹೌದು ಎಂದು ಬರೆಯಿರಿ. ಕುಮಟೆಯ ಹುಡುಗನ ಜೊತೆ ನಾನು ಹಾಡುವುದಿಲ್ಲ. ಅವನು ಪದದ ನಡುವೆ ಮೊಬೈಲು ನೋಡುತ್ತಾನೆ.

ಮಹಾಗಣಪತಿ


ಮಾವಳ್ಳಿ
೧೨ ಆಗಸ್ಟ್ ೨೦೨೩

ಭಾಗವತರಿಗೆ,

ನಿಮ್ಮ ಪತ್ರವನ್ನು ಹರಿದು ಅಂಗಳಕ್ಕೆ ಎಸೆದೆ. ನೀಲಾ ಚೂರುಗಳನ್ನು ಆರಿಸಿ ಒಳಗೆ ತಂದು ಒಲೆಯ ಮಗ್ಗುಲಲ್ಲಿ ಒಣಗಿಸಿದಳು. "ಭಾಗವತ್ರಿಗೆ ಗೊತ್ತಿದ್ದದ್ದು ಒಳ್ಳೇದೇ ಆತು. ಇಷ್ಟು ದಿನ ನಾನೊಬ್ಳೇ ಕೂಗಿ ಕೂಗಿ ನನ್ ಗಂಟ್ಲು ಹೋತು" ಎಂದಳು. ನನ್ನ ಮನೆಯಲ್ಲೇ ನಿಮಗೆ ಒಬ್ಬರು ಸಿಕ್ಕಂತಾಯಿತು.

ನಾನು ಕಣ್ಣಿನಿಂದ ನಿಮ್ಮ ತಾಳವನ್ನು ಕದಿಯುತ್ತಿದ್ದೇನೆ ಎಂದುಕೊಂಡಿದ್ದೆ. ಒಂದು ಕಿವಿ ಹೋದ ಮೇಲೂ ಯಾರಿಗೂ ತಿಳಿಯದಂತೆ ರಾತ್ರಿಯಿಡೀ ನುಡಿಸುತ್ತೇನಲ್ಲ ಎಂಬ ಒಂದು ಹೆಮ್ಮೆ ನನಗೆ ಉಳಿದಿತ್ತು. ನಾನು ಕದ್ದದ್ದಲ್ಲ, ನೀವು ಕೊಟ್ಟದ್ದು ಎಂದು ಈಗ ಬರೆದಿದ್ದೀರಿ. ಹೊನ್ನಾವರದಲ್ಲಿ ಸಭೆಯ ಮುಂದೆ ಆಡಿದ ಮಾತಿಗಿಂತ ಇದು ದೊಡ್ಡದು. ಆಗ ನಾನು ನಿಮ್ಮ ಎದುರಾಳಿಯಾದರೂ ಆಗಿದ್ದೆ.

ಅಂದು ನನಗೆ ನಿದ್ದೆ ಬಂದಿರಲಿಲ್ಲ. ನಿಮ್ಮ ದನಿ ನೀರಿನೊಳಗಿಂದ ಬಂದಂತೆ ಬಂದು, ಆಮೇಲೆ ಬರಲೇ ಇಲ್ಲ. ಅದೇ ಮೊದಲ ದಿನ. ಹೆದರಿ ಕೂತಿದ್ದೆ. ಆಗ ಪದದ ಜೊತೆ ಚೆಂಡೆಯ ಸದ್ದೂ ನಿಂತಿದ್ದರಿಂದ ಮೈಕಿನಲ್ಲಿ ನೀವು ಹೇಳಿದ್ದು ಮಾತ್ರ ಬಲಗಿವಿಗೆ ಸ್ಪಷ್ಟವಾಗಿ ಕೇಳಿತು.

ನೀವು ಬರೆದಿರಿ, ನಾನೂ ಬರೆಯುತ್ತೇನೆ. ಏರುಪದದಲ್ಲಿ ನಿಮ್ಮ ಉಸಿರು ಎಲ್ಲಿ ಕಡಿಯುತ್ತದೆಂದು ನನಗೆ ಗೊತ್ತು. ಅಲ್ಲಿ ಮದ್ದಳೆಯ ಪೆಟ್ಟು ಜೋರಾಗಿ ಬೀಳುವುದು ನನ್ನ ಕೈಚಳಕ ತೋರಿಸಲಿಕ್ಕಲ್ಲ. ನನಗೂ ಪದ ಕೆಡಬಾರದು.

ನಿಮ್ಮ ಪ್ರಶ್ನೆಗೆ ಉತ್ತರ: ಹೌದು. ಆ ಹೆದರಿಕೆ ಮೊದಲಿನಿಂದಲೂ ಇತ್ತು. ಕಳೆದ ತಿಂಗಳು ಕುಮಟೆಯ ಕಿವಿ ಡಾಕ್ಟರಲ್ಲಿಗೆ ಹೋಗಿದ್ದೆ. ಎಡಗಿವಿಯ ಆಸೆ ಬಿಡಿ ಎಂದರು. ಬಲಗಿವಿಯ ಪರದೆಯೂ ತೆಳುವಾಗಿದೆ, ಇಳಿಯುವಾಗಿನ ಒತ್ತಡಕ್ಕೆ ಅದು ಹರಿದರೆ ತಾನು ಹೊಣೆಯಲ್ಲ ಎಂದರು. ಹೋಗಲೇಬೇಕಾದರೆ ಮಾತ್ರೆ ಬರೆದುಕೊಡುತ್ತೇನೆ, ನೆಗಡಿ ಇರಬಾರದು, ಒಂದು ದಾರಿಗೆ ಒಂದು ಸಲಕ್ಕಿಂತ ಹೆಚ್ಚು ಇಳಿಯಬಾರದು ಎಂದರು. ಅದನ್ನು ಕೇಳಿ ಬಂದು ನಿಮಗೆ ಬರುವುದಿಲ್ಲ ಎಂದು ಬರೆದೆ. ಆಮೇಲೆ ಮದ್ದಳೆಯನ್ನು ಬಿಚ್ಚಿ ಮತ್ತೆ ಬಿಗಿದೆ. ಹೋದರೂ ಹೋಗದಿದ್ದರೂ ಈ ಕಿವಿ ಬಹಳ ಕಾಲ ಬಾಳುವುದಿಲ್ಲ. ಮನೆಯಲ್ಲಿ ಕೂತು ಕಳೆದುಕೊಳ್ಳುವುದಕ್ಕಿಂತ ನುಡಿಸಿ ಕಳೆದುಕೊಳ್ಳಬಹುದು ಎನಿಸಿತು.

ನೇರ ವಿಮಾನವಾದರೆ ಬರುತ್ತೇನೆ. ಬಲಸಾಲು ಮಾತ್ರ ಬಿಡುವುದಿಲ್ಲ. ನೀವು ನನ್ನ ಎಡಕ್ಕೆ ಕೂತರೆ ನೀವು ಹೇಳುವ ಒಂದು ಮಾತೂ ನನಗೆ ಕೇಳುವುದಿಲ್ಲ. ಸತ್ತ ಕಿವಿಯಿಂದ ನನಗೆ ಆಗಿರುವ ಒಂದೇ ಪ್ರಯೋಜನ ಅದು.

ವೆಂಕಟ್ರಮಣ


ಕರ್ಕಿ
೨೬ ಆಗಸ್ಟ್ ೨೦೨೩

ವೆಂಕಟ್ರಮಣ ಅವರಿಗೆ,

ದಿಲ್ಲಿಯಿಂದ ನೇರ ಹೋಗುವ ವಿಮಾನದಲ್ಲೇ ಟಿಕೆಟ್ ಆಯಿತು. ಬರುವಾಗಲೂ ಅದೇ ದಾರಿ. ನಾನು ಗೋವಾದಿಂದ ದಿಲ್ಲಿಗೆ ಹಾರುತ್ತೇನೆ. ನಿಮ್ಮ ರೈಲಿನಲ್ಲಿ ಎರಡು ರಾತ್ರಿ ಕೂರುವ ಹುಚ್ಚು ನನಗಿಲ್ಲ. ಮೊಣಕಾಲು ಏನಾದರೂ ಆಗಲಿ, ಎದ್ದು ಓಡಾಡಿಕೊಳ್ಳುತ್ತೇನೆ. ಬಿಸಿನೀರು ಕೊಡುತ್ತಾರೋ ಎಂದು ಕೇಳಿದ್ದಕ್ಕೆ ಮೋಹನ, "ಕೊಡ್ತಾರೆ, ಆದ್ರೆ ಸಿಂಗಾಪುರದವ್ರಷ್ಟು ನಕ್ಕಂಡು ಕೊಡೂದಿಲ್ಲ" ಎಂದ. ನಕ್ಕುಕೊಂಡು ಕೊಡುವವರು ನನಗೆ ಇಲ್ಲಿಯೂ ಇಲ್ಲ.

ನನ್ನ ಉಸಿರಿನ ವಿಷಯ ಬರೆದಿದ್ದೀರಿ. ಆ ಪೆಟ್ಟು ಎಲ್ಲಿ ಬೀಳುತ್ತದೆ, ಯಾಕೆ ಬೀಳುತ್ತದೆ ಎಂದು ನನಗೂ ಗೊತ್ತು. ಅದು ಬೀಳುತ್ತದೆ ಎಂಬ ಧೈರ್ಯದಲ್ಲೇ ಆ ಪದ ಎತ್ತಿಕೊಳ್ಳುತ್ತೇನೆ. ಕುಮಟೆಯ ಹುಡುಗ ಬೇಡವೆಂದದ್ದು ಬರೀ ಮೊಬೈಲಿಗಾಗಿ ಅಲ್ಲ.

ಸೀಟು ಎಡಸಾಲಿನಲ್ಲಿ ಹಾಕಿಸಿದ್ದೇನೆ. ಬಲಸಾಲೂ ಖಾಲಿ ಇತ್ತು. ಮೋಹನ ಮತ್ತೆ ಮತ್ತೆ ಕೇಳಿದ, ಎಡವೇ ಎಂದೆ. ಕಿಟಕಿಗೆ ಮದ್ದಳೆ, ನಡುವೆ ನೀವು, ನಿಮ್ಮ ಬಲಕ್ಕೆ ನಾನು.

ಹೊನ್ನಾವರದ ಆಟದ ಬಗ್ಗೆ ನಾನು ಹೇಳುವುದು ಒಂದಿದೆ. ಪತ್ರದಲ್ಲಿ ಬರೆಯುವುದಿಲ್ಲ. ಎರಡನೇ ಸಲ ಹೇಳುವುದೂ ಇಲ್ಲ. ಹಾಗಾಗಿ ಕೇಳುವ ಕಿವಿಯ ಕಡೆಗೇ ಕೂರಬೇಕಾಗಿದೆ. ನಿಮಗೆ ಒಪ್ಪಿಗೆಯಿಲ್ಲದಿದ್ದರೆ ಈಗಲೇ ತಿಳಿಸಿ, ಮೂರೂ ಸೀಟು ರದ್ದು ಮಾಡಿಸುತ್ತೇನೆ. ನಾನೂ ಹೋಗುವುದಿಲ್ಲ.

ಮಹಾಗಣಪತಿ


ಮಾವಳ್ಳಿ
೪ ಸೆಪ್ಟೆಂಬರ್ ೨೦೨೩

ಭಾಗವತರಿಗೆ,

ಕೇಳದೆ ಎಡಸಾಲಿನಲ್ಲಿ ಹಾಕಿಸಿದ್ದು ನಿಮ್ಮ ಸ್ವಭಾವಕ್ಕೆ ತಕ್ಕಂತೆಯೇ ಇದೆ.

ರದ್ದು ಮಾಡಿಸಬೇಡಿ. ರೈಲಿನ ಟಿಕೆಟ್ ಆಗಿದೆ. ಮದ್ದಳೆಗೆ ನೀಲಾ ಹೊಸ ಗವಸು ಹೊಲಿದಿದ್ದಾಳೆ.

ಹೇಳುವುದನ್ನು ವಿಮಾನ ಇಳಿಯಲು ಶುರುವಾಗುವ ಮೊದಲೇ ಹೇಳಿ ಮುಗಿಸಿ. ಆಮೇಲೆ ಕೇಳುತ್ತದೆಂದು ನನಗೆ ಖಾತರಿಯಿಲ್ಲ.

ಬರುವಾಗಿನ ಸೀಟನ್ನು ಮಾತ್ರ ಬಲಸಾಲಿನಲ್ಲಿ ಹಾಕಿಸಿ. ನೀವು ಹೇಳಿದ್ದು ನನಗೆ ಸರಿಬರದಿದ್ದರೆ ಊರಿನವರೆಗೆ ನಿಮ್ಮನ್ನು ಕೇಳಿಸಿಕೊಳ್ಳದೆ ಬರಬೇಕಲ್ಲ.

ವೆಂಕಟ್ರಮಣ